ಬಾಗಿಲಿಗೆ ಬರುವ ಲಸಿಕೆ, ಮನೆಯೊಳಕ್ಕೆ ಬರುವ ಕಾನೂನು

ಸಾಂಕ್ರಾಮಿಕ ರೋಗಗಳ ತಡೆಗೆಂದು ರೂಪುಗೊಳ್ಳುವ ಮಸೂದೆಗಳಲ್ಲಿ ಆವರಣವನ್ನು ಪ್ರವೇಶಿಸಿ ಪರಿಶೀಲಿಸುವ ಅಧಿಕಾರದ ಮಾತು ಬಂದಾಗಲೆಲ್ಲ, ಲಸಿಕೆಯ ಹೆಸರಿನಲ್ಲಿ ಸರ್ಕಾರ ಮನೆಯೊಳಕ್ಕೆ ನುಗ್ಗಬಹುದೇ ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಬರುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯವು 2017ರ ಫೆಬ್ರುವರಿಯಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಿದ ಸಾರ್ವಜನಿಕ ಆರೋಗ್ಯ ಮಸೂದೆಯ ಕರಡು ಇದಕ್ಕೆ ಸ್ಪಷ್ಟ ನಿದರ್ಶನ. ಸಾಂಕ್ರಾಮಿಕ ರೋಗ, ಜೈವಿಕ ಭಯೋತ್ಪಾದನೆ ಹಾಗೂ ವಿಪತ್ತುಗಳನ್ನು ಎದುರಿಸುವ ಉದ್ದೇಶದ ಆ ಕರಡು, ಪ್ರತ್ಯೇಕವಾಸ, ವೈದ್ಯಕೀಯ ಪರೀಕ್ಷೆ, ಆವರಣ ಪ್ರವೇಶ, ಲಸಿಕೆ, ಚಿಕಿತ್ಸೆ ಇವೆಲ್ಲವನ್ನೂ ರಾಜ್ಯ, ಜಿಲ್ಲೆ ಮತ್ತು ಸ್ಥಳೀಯ ಆಡಳಿತಗಳ ಅಧಿಕಾರಗಳ ಸಾಲಿನಲ್ಲಿ ಒಟ್ಟಿಗೆ ಇರಿಸಿತ್ತು. ಅದು ಕಾಯಿದೆಯಾಗಲಿಲ್ಲ. ಆದರೆ ಲಸಿಕೆಯನ್ನೂ ಮನೆ ಪ್ರವೇಶವನ್ನೂ ಒಂದೇ ಉಸಿರಿನಲ್ಲಿ ಹೇಳುವ ಈ ಕ್ರಮ ಎಲ್ಲಿಂದ ಬಂತೆಂಬುದನ್ನು ತಿಳಿಯಬೇಕಾದರೆ ಅರಸೀಕೆರೆಯ ಮೂಲಕ ಹಾದುಹೋಗುವ ರೈಲು ಹಳಿಯವರೆಗೂ ಹಿಂದಕ್ಕೆ ಹೋಗಬೇಕಾಗುತ್ತದೆ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಬ್ರಿಟಿಷ್ ಸರ್ಕಾರವನ್ನು ಎಷ್ಟು ಗಾಬರಿಗೊಳಿಸಿತೆಂದರೆ, 1897ರ ಫೆಬ್ರುವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದೇಬಿಟ್ಟಿತು. ಕೇವಲ ನಾಲ್ಕು ಕಲಮುಗಳ ಆ ಕಾಯಿದೆಯಲ್ಲಿ ಲಸಿಕೆಯ ಪ್ರಸ್ತಾಪವೂ ಇರಲಿಲ್ಲ, ಮನೆಯನ್ನು ಪ್ರವೇಶಿಸುವ ವಿಧಾನದ ವಿವರಣೆಯೂ ಇರಲಿಲ್ಲ. ರೋಗ ಹರಡದಂತೆ ಸರ್ಕಾರ ತನಗೆ ಅಗತ್ಯವೆಂದು ತೋರಿದ ಕ್ರಮಗಳನ್ನು ಕೈಗೊಳ್ಳಬಹುದು, ರೈಲಿನಲ್ಲಿ ಅಥವಾ ಬೇರೆ ರೀತಿಯಲ್ಲಿ ಪ್ರಯಾಣಿಸುವವರನ್ನು ತಪಾಸಣೆ ಮಾಡಿ ಸೋಂಕಿನ ಶಂಕೆಯಿರುವವರನ್ನು ಬೇರ್ಪಡಿಸಬಹುದು, ಆದೇಶ ಮೀರಿದವರನ್ನು ದಂಡಿಸಬಹುದು, ಸದ್ಭಾವನೆಯಿಂದ ನಡೆದುಕೊಂಡ ಅಧಿಕಾರಿಯ ಮೇಲೆ ಯಾರೂ ದಾವೆ ಹೂಡುವಂತಿಲ್ಲ ಎಂಬಿಷ್ಟೇ ಅದರ ಸಾರವಾಗಿತ್ತು. ಈ ಮೌನದ ಫಲ ಪುಣೆಯಲ್ಲಿ ಬೇಗನೆ ಗೋಚರಿಸಿತು. ಸೈನಿಕರು ಅಡುಗೆಮನೆ, ದೇವರಮನೆಗಳನ್ನು ಲೆಕ್ಕಿಸದೆ ರೋಗಿಗಳಿಗಾಗಿ ಶೋಧ ನಡೆಸಿದರು. ಆ ಕಾರ್ಯಾಚರಣೆಯ ಮುಖ್ಯಸ್ಥನಾಗಿದ್ದ ವಾಲ್ಟರ್ ಚಾರ್ಲ್ಸ್ ರ್‍ಯಾಂಡ್‌ನನ್ನು ಚಾಪೇಕರ್ ಸಹೋದರರು 1897ರ ಜೂನ್ 22ರಂದು ಗುಂಡಿಟ್ಟರು.

ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂದುದು ಮರುವರ್ಷ. 1880ರ ದಶಕದ ಕೊನೆಯ ವೇಳೆಗೆ ಬೆಂಗಳೂರನ್ನು ಅರಸೀಕೆರೆ, ಹರಿಹರಗಳ ಮಾರ್ಗವಾಗಿ ಹುಬ್ಬಳ್ಳಿಯ ಕಡೆಗೆ ಜೋಡಿಸಿದ ರೈಲು, ದವಸ ಧಾನ್ಯ ಮತ್ತು ಕೊಬ್ಬರಿಯ ಜೊತೆಗೆ ಸೋಂಕನ್ನೂ ಹೊತ್ತು ತರಬಲ್ಲುದಾಗಿತ್ತು. ಬೆಂಗಳೂರಿನಲ್ಲಿ 1898ರ ಆಗಸ್ಟ್‌ನಲ್ಲಿ ಪತ್ತೆಯಾದ ಮೊದಲ ರೋಗಿ, ಧಾರವಾಡದ ಕಡೆಯಿಂದ ಬಂದಿದ್ದ ರೈಲ್ವೆ ಅಧಿಕಾರಿಯೊಬ್ಬರ ಸೇವಕ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತ ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಿತು. ರೋಗಿಗಳನ್ನು ಶಿಬಿರಗಳಿಗೆ ಸಾಗಿಸುವುದು, ಮನೆಗಳನ್ನು ತೆರವುಗೊಳಿಸಿ ಸೋಂಕುರಹಿತಗೊಳಿಸುವುದು ಮುಂತಾದ ಕ್ರಮಗಳು ಆರಂಭವಾದ ಮೇಲೆ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಗಲಭೆಯೇ ನಡೆಯಿತು. ಹಳ್ಳಿಗಳಲ್ಲಿ ಮಾತ್ರ ಜನರು ತಮ್ಮದೇ ವಿವೇಕದಿಂದ ಒಂದು ದಾರಿ ಕಂಡುಕೊಂಡಿದ್ದರು: ಇಲಿ ಬಿದ್ದ ಸುದ್ದಿ ಕೇಳಿದೊಡನೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಸರ್ಕಾರ ಬಲವಂತದಿಂದ ಮಾಡಿಸಲು ಹೊರಟಿದ್ದನ್ನೇ ಅವರು ಸ್ವಇಚ್ಛೆಯಿಂದ ಮಾಡುತ್ತಿದ್ದರೆಂಬುದು, ಅವರ ವಿರೋಧ ರೋಗನಿಯಂತ್ರಣಕ್ಕಿಂತ ಅದನ್ನು ಹೇರುವ ರೀತಿಗೆ ಸಂಬಂಧಿಸಿತ್ತು ಎಂಬುದಕ್ಕೆ ಸಾಕಷ್ಟು ಬಲವಾದ ಪುರಾವೆ.

ಲಸಿಕೆಯ ಕಥೆ ಇದಕ್ಕಿಂತ ಹಳೆಯದು, ಮತ್ತು ಅದರ ಆರಂಭ ಇಷ್ಟು ಕಹಿಯಾಗಿರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು 1806ರಲ್ಲಿ ಸಿಡುಬಿನ ದಾಕು ಹಾಕಿಸಿಕೊಂಡದ್ದು ದಾಖಲಾಗಿದೆ. ಒಂದು ಮಗುವಿನ ತೋಳಿನ ಗುಳ್ಳೆಯಿಂದ ದ್ರವ ತೆಗೆದು ಇನ್ನೊಂದರ ತೋಳಿಗೆ ಹಚ್ಚುವ ಅಂದಿನ ಪದ್ಧತಿಗೆ ಜಾತಿಯ ಅಳುಕೂ ನೋವಿನ ಭಯವೂ ಸೇರಿಕೊಂಡಿದ್ದವು. ಕರುವಿನ ಮೈಯಿಂದ ಪಡೆದ ಲಸಿಕೆ ಬಂದ ಮೇಲೆ ಆ ತೊಡಕು ಸ್ವಲ್ಪ ಸಡಿಲಾಯಿತು. ಬೆಂಗಳೂರಿನಲ್ಲಿ ಅಂಥ ಲಸಿಕೆ ತಯಾರಿಸುವ ಸಂಸ್ಥೆಯಲ್ಲಿ ದುಡಿದವರಲ್ಲಿ ಡಾ. ಪಲ್ಪು ಒಬ್ಬರು. ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರು ಸರ್ಕಾರ ಕೆಲಸ ನಿರಾಕರಿಸಿದ್ದ ಈ ವೈದ್ಯರೇ ಮುಂದೆ ಪ್ಲೇಗಿನ ಶಿಬಿರಗಳಲ್ಲಿಯೂ ಸೇವೆ ಸಲ್ಲಿಸಿದರು.

ಬ್ರಿಟಿಷ್ ಭಾರತದ 1880ರ ಲಸಿಕಾ ಕಾಯಿದೆಯಲ್ಲಿ ಇಂದಿನ ಚರ್ಚೆಗೆ ಕುತೂಹಲಕರವಾದ ಒಂದು ಅಂಶವಿತ್ತು. ಅದು ಜಾರಿಗೊಂಡ ಪಟ್ಟಣಗಳಲ್ಲಿ ಮಕ್ಕಳನ್ನು ಲಸಿಕಾ ಕೇಂದ್ರಕ್ಕೆ ಕರೆತರುವುದು ಪೋಷಕರ ಕರ್ತವ್ಯವಾಗಿತ್ತು. ಪೋಷಕರೇ ಕೋರಿ ಲಸಿಕೆಗಾರನನ್ನು ಬೇರೆಡೆಗೆ ಕರೆಸಿಕೊಂಡರೆ ಆತ ಶುಲ್ಕ ಪಡೆಯಬಹುದಾಗಿತ್ತು. ಎಂದರೆ ಲಸಿಕೆ ಕಡ್ಡಾಯವಾಗಿದ್ದ ಆ ಕಾಲದಲ್ಲಿ ಮನೆಗೆ ಬರುವ ಲಸಿಕೆ ಹಣ ತೆತ್ತು ಪಡೆಯುವ ಅನುಕೂಲವಾಗಿತ್ತು.

ಲಸಿಕೆ ಮತ್ತು ಮನೆ ಪ್ರವೇಶ ಎಂಬ ಈ ಎರಡೂ ಎಳೆಗಳು ಅತ್ಯಂತ ಕಠೋರವಾಗಿ ಹೆಣೆದುಕೊಂಡುದು ಸ್ವತಂತ್ರ ಭಾರತದಲ್ಲಿ. 1973ರಿಂದ 1975ರವರೆಗೆ ನಡೆದ ಸಿಡುಬು ನಿರ್ಮೂಲನೆಯ ಕೊನೆಯ ಹಂತದಲ್ಲಿ ಮನೆಮನೆ ಶೋಧ ನಡೆಸಿ, ರೋಗ ಕಂಡ ಮನೆಯ ಸುತ್ತಲಿನವರಿಗೆಲ್ಲ ಲಸಿಕೆ ಹಾಕುವ ‘ಸುತ್ತುಗಟ್ಟುವ’ ಕ್ರಮವನ್ನು ಅನುಸರಿಸಲಾಯಿತು. ಅಂದಿನ ಬಿಹಾರದ ಸಿಂಗ್‌ಭೂಮ್ ಪ್ರದೇಶದಲ್ಲಿ ಲಸಿಕಾ ತಂಡವೊಂದು ಲಸಿಕೆ ಒಲ್ಲದ ಆದಿವಾಸಿ ಕುಟುಂಬದ ಮನೆಗೆ ರಾತ್ರಿ ನುಗ್ಗಿ ಬಲವಂತವಾಗಿ ಲಸಿಕೆ ಹಾಕಿದ್ದನ್ನು, ಆ ಅಭಿಯಾನದಲ್ಲಿ ಕೆಲಸ ಮಾಡಿದ ಅಮೆರಿಕದ ವೈದ್ಯ ಲಾರೆನ್ಸ್ ಬ್ರಿಲಿಯಂಟ್ ಅವರೇ ಬರೆದಿದ್ದಾರೆ. 1975ರ ಮೇ ತಿಂಗಳಲ್ಲಿ ಭಾರತದ ಕೊನೆಯ ಸಿಡುಬು ಪ್ರಕರಣ ದಾಖಲಾಯಿತು; ಮರುತಿಂಗಳೇ ತುರ್ತುಪರಿಸ್ಥಿತಿ ಘೋಷಣೆಯಾಗಿ, ಅದರ ಹಿಂದೆಯೇ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗಳು ಬಂದವು. ಸರ್ಕಾರಿ ಆರೋಗ್ಯ ನೌಕರರನ್ನು ಕಂಡು ಬಾಗಿಲು ಹಾಕಿಕೊಳ್ಳುವುದಕ್ಕೆ ಜನರಿಗೆ ಅಂದು ತಕ್ಕ ಕಾರಣವಿತ್ತು.

ಆ ಅಪನಂಬಿಕೆಯನ್ನು ತೊಡೆಯುವ ಕೆಲಸ 1995ರಲ್ಲಿ ಮೊದಲಾದ ಪಲ್ಸ್ ಪೋಲಿಯೊ ಅಭಿಯಾನದ ಪಾಲಿಗೆ ಬಂತು. ಮೊದಲ ದಿನ ಬೂತಿನಲ್ಲಿ ಹನಿ ಹಾಕಿ ಎಡಗೈ ಕಿರುಬೆರಳಿಗೆ ಶಾಯಿ ಹಚ್ಚುವುದು, ಮುಂದಿನ ದಿನಗಳಲ್ಲಿ ಉಳಿದ ಮಕ್ಕಳನ್ನು ಹುಡುಕಿ ಮನೆಮನೆಗೆ ಹೋಗುವುದು, ಎಲ್ಲ ಮಕ್ಕಳಿಗೂ ಹನಿ ಸಿಕ್ಕಿದ ಮನೆಯ ಗೋಡೆಗೆ ‘ಪಿ’ ಎಂದೂ, ಮಗು ಉಳಿದುಹೋದ ಅಥವಾ ಪೋಷಕರು ಒಪ್ಪದ ಮನೆಗೆ ‘ಎಕ್ಸ್’ ಎಂದೂ ಸೀಮೆಸುಣ್ಣದಲ್ಲಿ ಬರೆಯುವುದು ಅದರ ರೂಢಿ. ‘ಎಕ್ಸ್’ ಬಿದ್ದ ಮನೆಗೆ ಮತ್ತೆ ಹೋಗುತ್ತಿದ್ದರು, ಅಗತ್ಯವಾದರೆ ಊರಿನ ಹಿರಿಯರನ್ನೋ ಧರ್ಮಗುರುಗಳನ್ನೋ ಕರೆದೊಯ್ಯುತ್ತಿದ್ದರು. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ದೊರೆತುದು ಮುಖ್ಯವಾಗಿ ಈ ಮರುಭೇಟಿಗಳಿಂದ.

2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಬಂದ ಆಶಾ ಕಾರ್ಯಕರ್ತೆಯರ ಕೆಲಸವೂ ಇದೇ ಬಗೆಯದು. ಅರಸೀಕೆರೆಯ ಬಯಲುಸೀಮೆಯಲ್ಲಿ ಕುರಿಮಂದೆಗಳೊಡನೆ ಊರೂರು ತಿರುಗುವ ಕುಟುಂಬಗಳ ಮಕ್ಕಳಿಗೂ, ಬೇಲೂರು ತಾಲ್ಲೂಕಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿರುವ ವಲಸೆ ಕಾರ್ಮಿಕರ ಮಕ್ಕಳಿಗೂ ಲಸಿಕೆ ತಪ್ಪದಿರಬೇಕಾದರೆ ಹೀಗೆ ಹುಡುಕಿಕೊಂಡು ಹೋಗುವವರು ಬೇಕೇ ಬೇಕು. ಆಶಾ ಕಾರ್ಯಕರ್ತೆ ಹಳೇಬೀಡಿನ ಕೇರಿಯಲ್ಲಿ ತಾಯಿ ಕಾರ್ಡ್ ನೋಡಿ ಮುಂದಿನ ಚುಚ್ಚುಮದ್ದಿನ ದಿನ ಹೇಳಿ ಹೋಗುವಾಗ ಆಕೆಯ ಕೈಯಲ್ಲಿ ಯಾವ ವಾರಂಟೂ ಇರುವುದಿಲ್ಲ. ಸಾಮಾನ್ಯವಾಗಿ ಆಕೆ ಅದೇ ಊರಿನ ಸೊಸೆಯಾಗಿರುತ್ತಾಳೆ.

ಕೊರೊನಾ ಕಾಲದಲ್ಲಿ ವಾದಗಳು ತಿರುವುಮುರುವಾದವು. 2021ರಲ್ಲಿ ವೃದ್ಧರಿಗೂ ಅಂಗವಿಕಲರಿಗೂ ಮನೆಯಲ್ಲೇ ಲಸಿಕೆ ಹಾಕಬೇಕೆಂದು ಮುಂಬಯಿ ಹೈಕೋರ್ಟಿನಲ್ಲಿ ಅರ್ಜಿ ಸಲ್ಲಿಕೆಯಾದಾಗ, ಲಸಿಕೆ ವ್ಯರ್ಥವಾಗುವ ಮತ್ತು ಅಡ್ಡಪರಿಣಾಮವನ್ನು ಗಮನಿಸಲಾಗದ ಕಾರಣ ನೀಡಿ ಮೊದಲು ಹಿಂಜರಿದದ್ದು ಕೇಂದ್ರ ಸರ್ಕಾರವೇ. ಅದೇ ವರ್ಷದ ನವೆಂಬರಿನಲ್ಲಿ ಅದೇ ಸರ್ಕಾರ ‘ಹರ್ ಘರ್ ದಸ್ತಕ್’ ಎಂಬ ಮನೆಮನೆ ಅಭಿಯಾನ ಆರಂಭಿಸಿತು. ಡಿಸೆಂಬರಿನಲ್ಲಿ ಒಮೈಕ್ರಾನ್ ಕಾಣಿಸಿಕೊಂಡ ಬೆನ್ನಿಗೆ ಕರ್ನಾಟಕ ಸರ್ಕಾರ ಎರಡೂ ಡೋಸ್ ಪಡೆಯದವರಿಗೆ ಮಾಲ್ ಮತ್ತು ಚಿತ್ರಮಂದಿರಗಳ ಪ್ರವೇಶ ನಿರ್ಬಂಧಿಸಿತು. ಸುಪ್ರೀಂ ಕೋರ್ಟ್ 2022ರ ಮೇ 2ರಂದು ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ, ಸಂವಿಧಾನದ 21ನೇ ವಿಧಿಯಡಿ ತನ್ನ ದೇಹದ ಮೇಲಿನ ಹಕ್ಕು ವ್ಯಕ್ತಿಯದೇ ಆದ್ದರಿಂದ ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲವೆಂದೂ, ಸಮುದಾಯದ ಆರೋಗ್ಯಕ್ಕಾಗಿ ಸರ್ಕಾರ ವಿಧಿಸುವ ನಿರ್ಬಂಧಗಳು ಅಪಾಯದ ಪ್ರಮಾಣಕ್ಕೆ ತಕ್ಕಂತಿರಬೇಕೆಂದೂ ಹೇಳಿತು.

ಮನೆ ಭೇಟಿಯ ಬಗೆಗಿನ ಭಯ ಭಾರತದ್ದಷ್ಟೇ ಅಲ್ಲ. ಅಮೆರಿಕದ 2010ರ ಆರೋಗ್ಯ ಸುಧಾರಣಾ ಕಾಯಿದೆಯಲ್ಲಿಯೂ ಲಸಿಕೆ ಹೆಚ್ಚಿಸುವ ವಿಧಾನಗಳಲ್ಲಿ ಮನೆ ಭೇಟಿ ಒಂದಾಗಿತ್ತು. ಆ ಕಲಂ ರಾಜ್ಯಗಳಿಗೆ ಅನುದಾನ ಕೊಡುವುದಕ್ಕಷ್ಟೇ ಸೀಮಿತವಾಗಿದ್ದರಿಂದ ಬಲವಂತದ ಲಸಿಕೆಯ ಭಯಕ್ಕೆ ಅಲ್ಲಿಯ ಕಾಯಿದೆಯ ಪಠ್ಯದಲ್ಲಿ ಆಧಾರವಿರಲಿಲ್ಲ. ಭಾರತದ 2017ರ ಕರಡಿನಲ್ಲಿ ಪ್ರವೇಶದ ಅಧಿಕಾರವೂ ಲಸಿಕೆಯ ಅಧಿಕಾರವೂ ಬರಹದಲ್ಲಿಯೇ ಇದ್ದವು; ಆದ್ದರಿಂದ ಇಲ್ಲಿಯ ಆತಂಕವನ್ನು ವದಂತಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆ ಕರಡು ಪ್ರಕಟವಾದ ಫೆಬ್ರುವರಿಯಲ್ಲಿಯೇ ಕರ್ನಾಟಕದಲ್ಲಿ ದಡಾರ–ರುಬೆಲ್ಲಾ ಲಸಿಕಾ ಅಭಿಯಾನ ಆರಂಭವಾಗಿ, ವಾಟ್ಸ್‌ಆ್ಯಪ್‌ನ ಸುಳ್ಳುಗಳಿಂದ ಪೋಷಕರು ಬೆದರಿದ್ದು ಬೇರೆಯದೇ ವಿಷಯ. ಸುಳ್ಳಿನಿಂದ ಹುಟ್ಟಿದ ಭಯಕ್ಕೆ ತಿಳಿವಳಿಕೆ ಸಾಕು, ಕಲಮಿನಿಂದ ಹುಟ್ಟಿದ ಭಯಕ್ಕೆ ಕಲಮನ್ನೇ ತಿದ್ದಬೇಕು.

ಕರ್ನಾಟಕ ಹೈಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಅವರ ಅಧ್ಯಕ್ಷತೆಯ ಕಾನೂನು ಆಯೋಗ 2024ರ ಫೆಬ್ರುವರಿಯಲ್ಲಿ ಸಲ್ಲಿಸಿದ 286ನೇ ವರದಿಯು 1897ರ ಕಾಯಿದೆಯಲ್ಲಿ ಗಂಭೀರ ಕೊರತೆಗಳಿರುವುದನ್ನು ಗುರುತಿಸಿ, ಅದನ್ನು ತಿದ್ದಬೇಕು ಇಲ್ಲವೇ ಹೊಸ ಕಾಯಿದೆ ತರಬೇಕೆಂದು ಸೂಚಿಸಿದೆ. ಸಾಂಕ್ರಾಮಿಕ ಯೋಜನೆಯೊಂದಿಗೆ ನಿಶ್ಚಿತ ಕಾರ್ಯವಿಧಾನವನ್ನೂ ರೂಪಿಸಬೇಕೆಂದಿದೆ. ಶೋಧಕ್ಕೆ ಬರುವ ಅಧಿಕಾರಿಯನ್ನೂ ಲಸಿಕೆಯ ದಿನ ತಿಳಿಸಲು ಬರುವ ಆಶಾ ಕಾರ್ಯಕರ್ತೆಯನ್ನೂ ಬೇರೆ ಬೇರೆ ಕಲಮುಗಳಲ್ಲಿ ಇರಿಸುವುದು, ಪೋಷಕರು ಒಪ್ಪದಿದ್ದರೆ ಆಕೆ ಎಷ್ಟು ಸಲ ಮರಳಿ ಬರಬಹುದು ಮತ್ತು ಆ ನಿರಾಕರಣೆಯನ್ನು ಯಾರಿಗೆ ವರದಿ ಮಾಡಬೇಕು ಎಂಬುದನ್ನು ಬರೆದಿಡುವುದು ಅಂಥ ಕಾರ್ಯವಿಧಾನದ ಮೊದಲ ಕೆಲಸವಾಗಬೇಕು.