ಬರಹಕ್ಕೆ ಮುಚ್ಚಿಕೊಂಡ ಕಡತವ್ಯವಸ್ಥೆ: ಸರ್ವರಿನ ಒಂದು ದೋಷವನ್ನು ಕುರಿತು

ಶಾಸನಗಳ ಪಡಿಯಚ್ಚುಗಳನ್ನೂ ಹಳೆಯ ದಫ್ತರಗಳ ಪುಟಗಳನ್ನೂ ಛಾಯಾಚಿತ್ರ ರೂಪದಲ್ಲಿ ಸರ್ವರಿನಲ್ಲಿ ಸಂಗ್ರಹಿಸಿಡುವ ಪದ್ಧತಿ ಇಂದು ಇತಿಹಾಸದ ಅಧ್ಯಯನದಲ್ಲಿ ಸಾಮಾನ್ಯವಾಗಿದೆ. ಆ ಯಂತ್ರದ ಮೇಲ್ವಿಚಾರಣೆ ಎಷ್ಟೋ ವೇಳೆ ಅಧ್ಯಾಪಕರ ಪಾಲಿಗೇ ಬರುತ್ತದೆ. ಇಂತಹವರನ್ನು ತಬ್ಬಿಬ್ಬುಗೊಳಿಸುವ ದೋಷವೊಂದುಂಟು. ನಿನ್ನೆಯವರೆಗೆ ಓದು ಬರಹಗಳೆರಡಕ್ಕೂ ತೆರೆದಿದ್ದ ಡಿಸ್ಕು, ಯಾರ ಆಜ್ಞೆಯೂ ಇಲ್ಲದೆ, ಇಂದು ಓದುವುದಕ್ಕೆ ಮಾತ್ರ ಒದಗುತ್ತದೆ. ಹೊಸದಾಗಿ ಒಂದಕ್ಷರವನ್ನೂ ಸ್ವೀಕರಿಸುವುದಿಲ್ಲ. ಈ ಸ್ಥಿತಿಯ ಅರ್ಥವೇನು, ಅದನ್ನು ಯಾವ ಕ್ರಮದಲ್ಲಿ ಪರಿಶೀಲಿಸಬೇಕು ಎಂಬುದನ್ನು ಲಿನಕ್ಸ್ ಯಂತ್ರಗಳಿಗೆ ಸಂಬಂಧಿಸಿದಂತೆ ವಿವರಿಸುವುದು ಈ ಲೇಖನದ ಉದ್ದೇಶ.

ಡಿಸ್ಕಿನಲ್ಲಿ ಯಾವ ಬರಹ ಎಲ್ಲಿದೆ, ಅದರ ಹೆಸರೇನು, ಯಾವ ಜಾಗ ಖಾಲಿಯಿದೆ ಎಂಬ ಲೆಕ್ಕವನ್ನಿಡುವ ಏರ್ಪಾಡಿಗೆ ಕಡತವ್ಯವಸ್ಥೆಯೆಂದು ಹೆಸರು. ಲಿನಕ್ಸಿನಲ್ಲಿ ಬಹುವಾಗಿ ಬಳಕೆಯಲ್ಲಿರುವುದು ಎಕ್ಸ್ಟ್4 ಎಂಬುದು. 1993ರ ಎಕ್ಸ್ಟ್2, 2001ರಲ್ಲಿ ಲಿನಕ್ಸಿನ ಮೂಲಭಾಗಕ್ಕೆ ಸೇರಿದ ಎಕ್ಸ್ಟ್3 ಇವುಗಳ ಪರಂಪರೆಯಲ್ಲಿ ಬಂದು, 2008ರಲ್ಲಿ ಬಳಕೆಗೆ ಸಿದ್ಧವೆಂದು ಘೋಷಿತವಾದುದು. ಎಕ್ಸ್ಟ್3ರಿಂದ ಮುಂದಕ್ಕೆ ಇದರಲ್ಲಿ ಜರ್ನಲ್ ಎಂಬ ದಿನವಹಿಯೊಂದಿದೆ. ಲೆಕ್ಕದಲ್ಲಿ ಆಗಬೇಕಾದ ಬದಲಾವಣೆ ಮೊದಲು ದಿನವಹಿಯಲ್ಲಿ ದಾಖಲಾಗಿ, ಅನಂತರ ತನ್ನ ಸ್ಥಾನಕ್ಕೆ ಸೇರುತ್ತದೆ.

ಲೆಕ್ಕದಲ್ಲಿ ವಿರೋಧ ಕಂಡುಬಂದಾಗ ವ್ಯವಸ್ಥೆ ಅನುಸರಿಸಬಹುದಾದ ಮಾರ್ಗಗಳು ಮೂರು: ಏನೂ ಆಗದಂತೆ ಮುಂದುವರಿಯುವುದು, ಯಂತ್ರವನ್ನೇ ನಿಲ್ಲಿಸುವುದು, ಬರಹವನ್ನು ನಿಲ್ಲಿಸಿ ಓದನ್ನು ಮಾತ್ರ ಉಳಿಸುವುದು. ಡೆಬಿಯನ್ ಮೊದಲಾದ ವಿತರಣೆಗಳು ಮೂಲ ಕಡತವ್ಯವಸ್ಥೆಗೆ ಮೂರನೆಯದನ್ನೇ ವಿಧಿಸಿವೆ. ದಿನವಹಿಗೇ ಬರೆಯಲಾಗದೆ ಹೋದರಂತೂ ಎಕ್ಸ್ಟ್4 ಸಾಮಾನ್ಯವಾಗಿ ತಾನಾಗಿಯೇ ಈ ಮಾರ್ಗವನ್ನು ಹಿಡಿಯುತ್ತದೆ. ತನ್ನ ಲೆಕ್ಕದಲ್ಲಿ ಸಂದೇಹ ಹುಟ್ಟಿದೊಡನೆ ಪುಸ್ತಕ ಮುಚ್ಚಿ ಲೇಖನಿಯನ್ನು ಕೆಳಗಿಡುವ ಶಾನುಭೋಗನ ನಡೆಯಂತಹುದು ಇದು. ಆದುದರಿಂದ ಓದುವುದಕ್ಕೆ ಮಾತ್ರ ಎಂಬ ಸ್ಥಿತಿ ರೋಗವಲ್ಲ, ರಕ್ಷಣೆ, ರೋಗವಿರುವುದು ಬೇರೆಡೆ.

ಮೊದಲು ದೋಷ ಇದೇ ಹೌದೇ ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಬರೆಯಲಾಗದಿರುವುದಕ್ಕೆ ಕಾರಣಗಳು ಹಲವು. ಲಿನಕ್ಸಿನ ಸಂಕೇತಗಳಲ್ಲಿ 13 ಎಂದರೆ ಅನುಮತಿಯಿಲ್ಲ, 28 ಎಂದರೆ ಜಾಗವಿಲ್ಲ, 30 ಎಂದರೆ ಕಡತವ್ಯವಸ್ಥೆ ಓದುವುದಕ್ಕೆ ಮಾತ್ರ ಎಂದರ್ಥ. ಪ್ರಕೃತ ವಿಷಯಕ್ಕೆ ಸಂಬಂಧಿಸಿದುದು ಮೂವತ್ತು ಮಾತ್ರ. ಎಫ್‌ಸ್ಟ್ಯಾಬ್ ಎಂಬ ಕಡತ ವ್ಯವಸ್ಥೆ ಹೇಗಿರಬೇಕೆಂದು ಹೇಳುತ್ತದೆ. ಪ್ರಾಕ್ ವಿಭಾಗದ ಮೌಂಟ್ಸ್ ಎಂಬ ಪಟ್ಟಿ ಅದು ಈ ಕ್ಷಣದಲ್ಲಿ ಹೇಗಿದೆಯೆಂದು ಹೇಳುತ್ತದೆ. ರಾಜಶಾಸನವನ್ನು ಓದಿ ನಾಡಿನ ವಸ್ತುಸ್ಥಿತಿಯನ್ನು ಊಹಿಸಬಾರದೆಂದು ನಾವು ವಿದ್ಯಾರ್ಥಿಗಳಿಗೆ ಹೇಳುವುದುಂಟು. ಇಲ್ಲಿಯೂ ಎರಡನೆಯದೇ ಪ್ರಮಾಣ.

ಮುಂದಿನ ಹೆಜ್ಜೆ ಕಾರಣದ ಶೋಧನೆ. ಲಿನಕ್ಸಿನ ಅಂತರಂಗವಾದ ಕರ್ನೆಲ್, ತಾನು ಕಂಡ ದೋಷಗಳನ್ನು ಸ್ಮೃತಿಯಲ್ಲಿ ಬರೆದಿಡುತ್ತದೆ. ಡಿಮೆಸೇಜ್ ಎಂಬ ಆಜ್ಞೆಯಿಂದ ಅದನ್ನು ಓದಬಹುದು. ಬರಹಕ್ಕೆ ಮುಚ್ಚಿಕೊಂಡ ಸುದ್ದಿಗಿಂತ ಅದರ ಹಿಂದಿನ ಸಾಲುಗಳೇ ಮುಖ್ಯ. ಅಲ್ಲಿ ಡಿಸ್ಕಿನ ಓದು ಬರಹ ವಿಫಲವಾದ ಸೂಚನೆಯಿದ್ದರೆ ಯಂತ್ರಭಾಗವನ್ನು ಶಂಕಿಸಬೇಕು. ಸ್ಮಾರ್ಟ್ ಎಂಬ ಸ್ವಪರೀಕ್ಷೆಯ ವರದಿಯಲ್ಲಿ ಬದಲಿ ಜಾಗ ಪಡೆದ ಖಂಡಗಳ ಸಂಖ್ಯೆಯೂ ಓದಲಾಗದೆ ಕಾದಿರುವ ಖಂಡಗಳ ಸಂಖ್ಯೆಯೂ ಏರುತ್ತಿದ್ದರೆ ಡಿಸ್ಕು ಕ್ಷಯಿಸುತ್ತಿದೆ. ಸಾಗಣೆಯ ತಪ್ಪುಗಳ ಸಂಖ್ಯೆ ಮಾತ್ರ ಏರುತ್ತಿದ್ದರೆ ತಂತಿಯ ಜೋಡಣೆ ಸಡಿಲವಾಗಿರಬಹುದು. ದೂರದ ಸಂಗ್ರಹವನ್ನು ಅವಲಂಬಿಸಿದ ಕಲ್ಪಿತ ಯಂತ್ರಗಳಲ್ಲಿ ಉತ್ತರ ತಡವಾದುದೂ ಕಾರಣವಾಗಬಹುದು. ಲಿನಕ್ಸ್ ಇಂತಹ ಡಿಸ್ಕಿಗಾಗಿ ಸಾಮಾನ್ಯವಾಗಿ ಕಾಯುವುದು 30 ಸೆಕೆಂಡು. ಡಿಸ್ಕಿನ ದೂರೇ ಇಲ್ಲದೆ ಲೆಕ್ಕದ ವಿರೋಧ ಮಾತ್ರ ಕಂಡರೆ, ವಿದ್ಯುತ್ತು ತಟ್ಟನೆ ನಿಂತುದೋ ಸ್ಮೃತಿಫಲಕದ ದೋಷವೋ ಇರಬಹುದೆಂದು ಊಹಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ದಾಖಲೆಯ ಕಡತಗಳು ಮುಚ್ಚಿಕೊಂಡ ವ್ಯವಸ್ಥೆಯಲ್ಲಿಯೇ ಇದ್ದರೆ, ದೋಷದ ವೃತ್ತಾಂತ ಡಿಸ್ಕನ್ನು ಸೇರಿರುವುದಿಲ್ಲ. ಅದು ಸ್ಮೃತಿಯಲ್ಲಿ ಮಾತ್ರ ಇರುತ್ತದೆ. ಯಂತ್ರವನ್ನು ಆರಿಸಿ ಹೊತ್ತಿಸಿದೊಡನೆ ಆ ಒಂದೇ ಸಾಕ್ಷ್ಯ ಅಳಿದುಹೋಗುತ್ತದೆ. ಆದುದರಿಂದ ಆ ಸಾಲುಗಳನ್ನು ಬೇರೊಂದು ಯಂತ್ರಕ್ಕೆ ಪ್ರತಿಮಾಡಿಕೊಳ್ಳುವವರೆಗೆ ಪುನರಾರಂಭದ ಗುಂಡಿಯನ್ನು ಮುಟ್ಟಕೂಡದು.

ಈ ಮಾತನ್ನು ನಾವು ನಷ್ಟದಿಂದ ಕಲಿತೆವು. ಹಳ್ಳಿಯ ಮನೆಗಳಲ್ಲಿದ್ದ ಕಡತಗಳ ಪುಟಗಳನ್ನು ವಿದ್ಯಾರ್ಥಿಗಳು ಚಿತ್ರತೆಗೆದು ತಂದು ಇರಿಸಿದ್ದ ಯಂತ್ರವೊಂದು ಹೀಗೆ ಬರಹಕ್ಕೆ ಮುಚ್ಚಿಕೊಂಡಿತು. ನಾವು ಸಂದೇಶಗಳನ್ನು ಓದದೆ ಯಂತ್ರವನ್ನು ಪುನಃ ಆರಂಭಿಸಿದೆವು. ಬರಹಕ್ಕೆ ಬಲವಂತವಾಗಿ ತೆರೆದೆವು. ಎರಡು ದಿನ ಕೆಲಸ ಮುಂದುವರಿಸಿದೆವು. ಡಿಸ್ಕು ಮತ್ತೆ ಮುಚ್ಚಿಕೊಂಡಿತು. ಆಗ ಎಫ್‌ಎಸ್‌ಸಿಕೆ ಎಂಬ ದುರಸ್ತಿಯ ಆಜ್ಞೆಯನ್ನು ಕೊಟ್ಟು, ಅದು ಕೇಳಿದ ಪ್ರಶ್ನೆಗಳಿಗೆಲ್ಲ ಹೌದೆಂದೇ ಉತ್ತರಿಸಿದೆವು. ದುರಸ್ತಿಯೇನೋ ಆಯಿತು. ಆದರೆ ಆ ಆಜ್ಞೆಯ ಗುರಿ ಲೆಕ್ಕವನ್ನು ಸುಸಂಗತಗೊಳಿಸುವುದೇ ಹೊರತು ನಮ್ಮ ಬರಹವನ್ನು ಉಳಿಸುವುದಲ್ಲ. ಹೆಸರು ಕಳೆದುಕೊಂಡ ಚಿತ್ರಗಳನ್ನೆಲ್ಲ ಅದು ಲಾಸ್ಟ್ ಫೌಂಡ್ ಎಂಬ ಕೋಶದಲ್ಲಿ ಬರಿಯ ಸಂಖ್ಯೆಗಳಾಗಿ ಇಟ್ಟಿತು. ಊರಿನ ಹೆಸರೂ ಮನೆಯ ಗುರುತೂ ಇದ್ದುದು ಕಡತದ ಹೆಸರಿನಲ್ಲಿ ಮಾತ್ರ. ಕೈಬರಹವನ್ನು ನೋಡಿ ವಿದ್ಯಾರ್ಥಿಗಳು ಕೆಲವನ್ನು ಗುರುತಿಸಿದರು. ಉಳಿದವು ಇಂದಿಗೂ ಅಕ್ಷರ ಸ್ಪಷ್ಟವಾಗಿದ್ದು ಮೂಲ ತಿಳಿಯದ ಪುಟಗಳು. ದೊರೆತ ಸ್ಥಳ ತಿಳಿಯದ ಶಾಸನದ ತುಣುಕಿನಂತೆ, ಅವುಗಳನ್ನು ಆಧಾರವಾಗಿಟ್ಟುಕೊಂಡು ಬರೆಯುವುದು ಸಾಧ್ಯವಿಲ್ಲ.

ಸರಿಯಾದ ಕ್ರಮ ಹೀಗಿರಬೇಕೆಂದು ನಮ್ಮ ಅಭಿಪ್ರಾಯ. ಮೊದಲು ಸಂದೇಶಗಳನ್ನು ಓದಿ ಬೇರೆಡೆ ಉಳಿಸುವುದು. ಎರಡನೆಯದಾಗಿ, ಓದಲು ಇನ್ನೂ ಅವಕಾಶವಿರುವಾಗಲೇ ಮುಖ್ಯ ಕಡತಗಳನ್ನು ಮತ್ತೊಂದು ಡಿಸ್ಕಿಗೆ ಪ್ರತಿಮಾಡುವುದು. ಡಿಸ್ಕು ಕ್ಷಯಿಸುತ್ತಿದ್ದರೆ, ಚೆನ್ನಾಗಿರುವ ಭಾಗಗಳನ್ನು ಮೊದಲು ತೆಗೆದು ಕೆಟ್ಟ ಭಾಗಗಳಿಗೆ ಅನಂತರ ಮರಳುವ ಡಿಡಿರೆಸ್ಕ್ಯೂ ಎಂಬ ಸಾಧನದಿಂದ ಇಡೀ ಡಿಸ್ಕಿನ ಪ್ರತಿ ತೆಗೆಯುವುದು. ಮೂರನೆಯದಾಗಿ, ತಂತಿ, ಡಿಸ್ಕು, ಸ್ಮೃತಿ ಇವುಗಳಲ್ಲಿ ಕೆಟ್ಟುದನ್ನು ಬದಲಾಯಿಸುವುದು. ಕೊನೆಯದಾಗಿ, ಬಳಕೆಯಲ್ಲಿಲ್ಲದಂತೆ ಕಳಚಿದ ಕಡತವ್ಯವಸ್ಥೆಯ ಮೇಲೆ, ಸಾಧ್ಯವಾದರೆ ಅದರ ಪ್ರತಿಯ ಮೇಲೆ, ಮೊದಲು ಏನನ್ನೂ ತಿದ್ದದ ಪರೀಕ್ಷೆಯನ್ನೂ ಆಮೇಲೆ ದುರಸ್ತಿಯನ್ನೂ ನಡೆಸುವುದು. ಬರಹಕ್ಕೆ ತೆರೆದಿರುವ ವ್ಯವಸ್ಥೆಯ ಮೇಲೆ ದುರಸ್ತಿಯ ಆಜ್ಞೆಯನ್ನು ಎಂದಿಗೂ ಕೊಡಬಾರದು. ಇಬ್ಬರು ಏಕಕಾಲಕ್ಕೆ ಒಂದೇ ಲೆಕ್ಕದ ಪುಸ್ತಕವನ್ನು ತಿದ್ದಿದಂತಾಗುತ್ತದೆ.

ಇವೆಲ್ಲಕ್ಕೂ ಹಿಂದಿನ ಕರ್ತವ್ಯವೊಂದಿದೆ. ಪ್ರತಿಯೊಂದು ಚಿತ್ರದ ಅಂಚಿನಲ್ಲಿ ಊರು, ಕಟ್ಟು, ಪುಟ ಇವುಗಳನ್ನು ಬರೆದ ಚೀಟಿಯನ್ನಿಟ್ಟೇ ಚಿತ್ರ ತೆಗೆಯಬೇಕು. ಇನ್ನೊಂದು ಪ್ರತಿ ಬೇರೊಂದು ಕಟ್ಟಡದಲ್ಲಿರಬೇಕು. ನಮ್ಮಲ್ಲಿ ಈಗ ಹಾಗೆ ನಡೆಯುತ್ತಿದೆ. ಮೂಲ ಗ್ರಂಥವನ್ನು ತಿದ್ದುವುದಕ್ಕೆ ಮುಂಚೆ ಓದಬೇಕು, ಓದುವುದಕ್ಕೆ ಮುಂಚೆ ಕಾಪಾಡಬೇಕು ಎಂಬುದು ಇತಿಹಾಸಕಾರನಿಗೆ ಹೊಸ ಪಾಠವಲ್ಲ. ಯಂತ್ರದ ಮುಂದೆ ಕುಳಿತಾಗ ಅದನ್ನು ಮರೆತುದೇ ನಮ್ಮ ತಪ್ಪು.