‘ಓಪನ್ ಆಕ್ಸೆಸ್’: ಯಾರಿಗೆ ಮುಕ್ತ?

ಇಂಗ್ಲಿಷಿನ ನುಡಿಗಟ್ಟೊಂದು ಆಡಳಿತದ ಕಡತಕ್ಕೆ ಬಂದೊಡನೆ ಅದಕ್ಕೊಂದು ಕನ್ನಡ ಸಮಾನಪದ ಹುಡುಕಿ ನಾವು ನಿಶ್ಚಿಂತರಾಗುತ್ತೇವೆ. ‘ಓಪನ್ ಆಕ್ಸೆಸ್’ ಅಂಥದೊಂದು ನುಡಿಗಟ್ಟು. ‘ಮುಕ್ತ ಪ್ರವೇಶ’ ಎಂದರೆ ಪದಕ್ಕೆ ಪದ ಹೊಂದುತ್ತದೆ. ಆದರೆ ವಿದ್ಯುತ್ ಕಾಯ್ದೆ, ವಿದ್ವತ್ ಪತ್ರಿಕೆಗಳು ಮತ್ತು ಅರ್ಥಶಾಸ್ತ್ರ ಇದಕ್ಕೆ ಒಂದೇ ಅರ್ಥವನ್ನು ಕೊಡುವುದಿಲ್ಲ. ಈ ಗೊಂದಲದ ಬೆಲೆಯನ್ನು ತೆತ್ತಿರುವುದು ನಮ್ಮ ಗೋಮಾಳಗಳು.

2003ರ ವಿದ್ಯುತ್ ಕಾಯ್ದೆಯಲ್ಲಿ ಇದರರ್ಥ, ವಿದ್ಯುತ್ ಜಾಲವನ್ನು ತಾರತಮ್ಯವಿಲ್ಲದೆ ಬಳಸುವ ಅವಕಾಶ. ದೊಡ್ಡ ಗ್ರಾಹಕನೊಬ್ಬ ತನ್ನ ಪ್ರದೇಶದ ವಿತರಣಾ ಕಂಪನಿಯನ್ನು ಬಿಟ್ಟು ಬೇರೆ ಉತ್ಪಾದಕರಿಂದ ವಿದ್ಯುತ್ ಕೊಂಡು, ಈಗಿರುವ ತಂತಿಗಳ ಮೂಲಕವೇ ತರಿಸಿಕೊಳ್ಳಬಹುದು. ಹಾಗೆಂದು ಅದು ಉಚಿತವಲ್ಲ. ತಂತಿಯ ಬಳಕೆಗೆ ಶುಲ್ಕವಿದೆ. ಬಡ ಗ್ರಾಹಕರ ಅಗ್ಗದ ದರದ ಹೊರೆಯನ್ನು ಹೊತ್ತವನು ಹೊರನಡೆದಾಗ ಆಗುವ ಕೊರತೆಯನ್ನು ತುಂಬಲು ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ ಇದೆ.

ವಿದ್ವತ್ ಪತ್ರಿಕೆಗಳ ಲೋಕದಲ್ಲಿ 2002ರ ಬುಡಾಪೆಸ್ಟ್ ಘೋಷಣೆಯ ನಂತರ ಈ ಮಾತು ಪ್ರಚಾರಕ್ಕೆ ಬಂತು. ಅಲ್ಲಿ ಓದುಗ ಚಂದಾ ಕೊಡದೆ ಸಂಶೋಧನಾ ಲೇಖನವನ್ನು ಪಡೆಯಬಹುದು. ಆದರೆ ಹಲವು ಪತ್ರಿಕೆಗಳು ಪ್ರಕಟಣೆಯ ವೆಚ್ಚವನ್ನು ಲೇಖಕನಿಂದ ಅಥವಾ ಅವನ ಸಂಸ್ಥೆಯಿಂದ ವಸೂಲು ಮಾಡುತ್ತವೆ. ಬಾಗಿಲು ತೆರೆದಿದ್ದರೂ ಅದನ್ನು ತೆರೆದಿಡುವ ಖರ್ಚು ಯಾರದೋ ತಲೆಯ ಮೇಲಿರುತ್ತದೆ.

ಅರ್ಥಶಾಸ್ತ್ರದಲ್ಲಿ ಈ ಪದ ಒಂದು ಎಚ್ಚರಿಕೆ. ಗ್ಯಾರೆಟ್ ಹಾರ್ಡಿನ್ 1968ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಎಲ್ಲರಿಗೂ ತೆರೆದ ಹುಲ್ಲುಗಾವಲಿನ ಚಿತ್ರವನ್ನು ಮುಂದಿಟ್ಟರು. ಪ್ರತಿಯೊಬ್ಬನೂ ಇನ್ನೊಂದು ಹಸುವನ್ನು ಬಿಡುತ್ತಾನೆ. ಲಾಭವೆಲ್ಲ ಅವನದು, ನಷ್ಟ ಎಲ್ಲರ ಪಾಲಿನದು. ಕೊನೆಗೆ ಹುಲ್ಲೇ ಉಳಿಯುವುದಿಲ್ಲ. ಇದಕ್ಕೆ ಉತ್ತರ ಕೊಟ್ಟವರಲ್ಲಿ ಪ್ರಮುಖರು 2009ರಲ್ಲಿ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಂ. ಹಾರ್ಡಿನ್ ಬಣ್ಣಿಸಿದ್ದು ಒಡೆಯರಿಲ್ಲದ ಬಯಲನ್ನು; ಸಮುದಾಯದ ಸ್ವತ್ತಿಗೆ ಸದಸ್ಯರೂ ಕಟ್ಟಳೆಗಳೂ ಇರುತ್ತವೆ ಎಂದು ಅವರು ತೋರಿಸಿದರು. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿಯಲ್ಲಿ 1517ರಷ್ಟು ಹಿಂದೆಯೇ ಒಂದು ನಿಯಮವಿತ್ತು: ಚಳಿಗಾಲದಲ್ಲಿ ಎಷ್ಟು ಹಸುಗಳನ್ನು ಸಾಕಬಲ್ಲನೋ ಅಷ್ಟನ್ನು ಮಾತ್ರ ಒಬ್ಬ ಬೇಸಿಗೆಯಲ್ಲಿ ಬೆಟ್ಟದ ಹುಲ್ಲುಗಾವಲಿಗೆ ಕಳಿಸಬಹುದು.

ನಮ್ಮ ಕಾನೂನಿಗೂ ಈ ವ್ಯತ್ಯಾಸ ತಿಳಿದಿದೆ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಪ್ರಕಾರ ಉಚಿತವಾಗಿ ಮೇಯಿಸುವ ಹಕ್ಕು ಇರುವುದು ಆ ಜಮೀನು ಸೇರಿದ ಗ್ರಾಮದ ದನಗಳಿಗೆ ಮಾತ್ರ. ನೂರು ಜಾನುವಾರುಗಳಿಗೆ 12 ಹೆಕ್ಟೇರ್ ಕಾಯ್ದಿರಿಸಬೇಕೆಂದು 1966ರ ನಿಯಮಗಳು ಹೇಳುತ್ತವೆ. ಆದರೆ ಪಹಣಿಯಲ್ಲಿ ‘ಸರ್ಕಾರಿ ಗೋಮಾಳ’ ಎಂದು ಬರೆದ ಮಾತ್ರಕ್ಕೆ ಅದು ಯಾರದೂ ಅಲ್ಲದ ನೆಲವೆಂದು ಭಾವಿಸಿದವರೇ ಹೆಚ್ಚು. ಊರಿನಲ್ಲಿ ದನಗಳು ಕಡಿಮೆಯಾದರೆ ಲೆಕ್ಕದಲ್ಲಿ ‘ಹೆಚ್ಚುವರಿ ಗೋಮಾಳ’ ಹುಟ್ಟುತ್ತದೆ. ಅದರ ಬೆನ್ನಿಗೆ ಮಂಜೂರಾತಿಯ ಅರ್ಜಿಗಳೂ ಹುಟ್ಟುತ್ತವೆ. ಒಂದೆರಡು ಹಸು ಕಟ್ಟಿಕೊಂಡು ಹಾಲು ಮಾರುವ ಭೂರಹಿತಳಿಗೆ ಉಳಿಯುವುದು ರಸ್ತೆಯಂಚಿನ ಹುಲ್ಲು.

ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಗ್ರಾಮಗಳ ಸಾಮುದಾಯಿಕ ಭೂಮಿಯ ಅಕ್ರಮ ಒತ್ತುವರಿಯನ್ನು ತೆರವುಗೊಳಿಸಲು ಯೋಜನೆ ರೂಪಿಸುವಂತೆ ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿತು. ಭೂರಹಿತ ಕಾರ್ಮಿಕರಿಗೆ, ಪರಿಶಿಷ್ಟರಿಗೆ ಸರ್ಕಾರ ಗುತ್ತಿಗೆ ನೀಡಿದ ಅಥವಾ ಶಾಲೆ, ಆಸ್ಪತ್ರೆಗಳು ಈಗಾಗಲೇ ನಿಂತಿರುವ ಅಪವಾದದ ಸಂದರ್ಭಗಳಲ್ಲಷ್ಟೇ ಸಕ್ರಮಕ್ಕೆ ಅವಕಾಶವೆಂದೂ ಹೇಳಿತು. ಆದೇಶ ಸ್ಪಷ್ಟವಾಗಿದೆ; ಅದನ್ನು ಜಾರಿಗೊಳಿಸಲು ಗಡಿಕಲ್ಲು ನೆಟ್ಟ ಅಳತೆ ಬೇಕು, ಅಳತೆಯ ನಕ್ಷೆ ಗ್ರಾಮಸಭೆಯ ಮುಂದಿರಬೇಕು.

ಆದುದರಿಂದ ‘ಮುಕ್ತ’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಓದುಗರು ಮೂರು ಪ್ರಶ್ನೆ ಕೇಳುವುದು ಒಳಿತು: ಯಾರಿಗೆ ಮುಕ್ತ? ಯಾವ ಕಟ್ಟಳೆಯ ಮೇಲೆ? ಖರ್ಚು ಯಾರದು? ವಿದ್ಯುತ್ತಿನ ವಿಷಯದಲ್ಲಿ ಇವನ್ನು ಕೇಳಲು ಉದ್ದಿಮೆಗಳ ಪರವಾಗಿ ವಕೀಲರಿದ್ದಾರೆ, ಆಯೋಗವಿದೆ. ಗೋಮಾಳದ ಪರವಾಗಿ ಕೇಳಬೇಕಾದವರು ಊರಿನವರೇ.