ಅಟ್ಟದ ಮೇಲಿನ ಸುರುಳಿ

ನಮ್ಮ ಮನೆಯಲ್ಲಿ ದಿನಾ ರಾತ್ರಿ ಒಂದು ಪಂದ್ಯ ನಡೆಯುತ್ತದೆ. ಟೀವಿಯಲ್ಲಿ ರಸಪ್ರಶ್ನೆ ಬರುವಾಗ ಅಜ್ಜಿ ಇಲ್ಲಿ ಮಲೆನಾಡಿನಲ್ಲಿ, ಮೊಮ್ಮಗಳು ಪುಟ್ಟಿ ಅಲ್ಲಿ ಮೈಸೂರಿನಲ್ಲಿ, ಫೋನ್ ಹಿಡಿದುಕೊಂಡೇ ಉತ್ತರ ಹೇಳುತ್ತಾರೆ. ಮಂಡಿನೋವಿನಿಂದ ಹೊಸಿಲು ದಾಟಲಾಗದ ನನ್ನ ಮನೆಯವಳಿಗೆ ಅದೇ ದಿನದ ಹಬ್ಬ.

ಕಳೆದ ವರ್ಷ ಪಂದ್ಯ ನಿಂತಿತು. ಮಾಡಿನ ಮೇಲಿದ್ದ ಡಿಶ್‌ಗೆ ಹಲಸಿನ ಮರ ಅಡ್ಡ ಬೆಳೆಯಿತೆಂದು ಅದನ್ನು ಅಡಿಕೆ ಒಣಗಿಸುವ ಅಂಗಳದ ಆಚೆ ತುದಿಗೆ ಸಾಗಿಸಿದ್ದೆವು. ಅಂದಿನಿಂದ ಕೆಲವು ಚಾನೆಲ್ ಚೆನ್ನಾಗಿ ಬಂದರೆ, ಕೆಲವು ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತಿದ್ದವು. ರಸಪ್ರಶ್ನೆಯದೂ ಅದೇ ಗತಿ. ಮೆಕ್ಯಾನಿಕ್ ಎರಡು ಸಲ ಬಂದು ಡಿಶ್ ತಿರುಗಿಸಿ ನೋಡಿದರೂ ಗುಣವಾಗಲಿಲ್ಲ. "ಬಿಡಿ, ಮುದುಕಿಗೆ ಯಾಕೆ ಟೀವಿ" ಅಂದಳು ಇವಳು. ಆ ಮಾತು ನನಗೆ ಚುಚ್ಚಿತು.

ದಸರಾ ರಜೆಗೆ ಪುಟ್ಟಿ ಬಂದಳು. "ಅಜ್ಜ, ಕೇಬಲ್ ಎಷ್ಟು ಉದ್ದ ಇದೆ? ತಂತಿ ಉದ್ದವಾದರೆ ರೋಧ ಹೆಚ್ಚುತ್ತದೆ ಅಂತ ನಮ್ಮ ಪಾಠದಲ್ಲಿದೆ."

ನಾನು ನಕ್ಕೆ. "ಸುಮಾರು 36,000 ಕಿಲೋಮೀಟರ್ ದೂರದ ಉಪಗ್ರಹದಿಂದ ಬಂದದ್ದು ನಮ್ಮ ಅಂಗಳ ದಾಟಲಾರದೇನೆ?"

ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ನಾನು ನಗಬಾರದಿತ್ತು.

ಮಕ್ಕಳೇ, ಉಪಗ್ರಹದ ಸಂಕೇತ ನಮ್ಮನ್ನು ತಲುಪುವಾಗ ತೀರಾ ಸೊರಗಿರುತ್ತದೆ. ಡಿಶ್‌ನ ಮುಂದೆ ಕೋಲಿನ ತುದಿಯಲ್ಲಿರುವ ಎಲ್‌ಎನ್‌ಬಿ ಎಂಬ ಪುಟ್ಟ ಡಬ್ಬಿ ಅದನ್ನು ಲಕ್ಷಪಟ್ಟಿನಷ್ಟು ಬಲಪಡಿಸಿ, ಆವೃತ್ತಿ ಇಳಿಸಿ ಕೇಬಲ್‌ಗೆ ಕೊಡುತ್ತದೆ. ಕೇಬಲ್‌ನ ನಡುವೆ ಒಂದು ತಂತಿ, ಸುತ್ತ ಬಿಳಿ ಪ್ಲಾಸ್ಟಿಕ್, ಅದರ ಮೇಲೆ ಲೋಹದ ಹಾಳೆ ಮತ್ತು ಬಲೆ, ಹೊರಗೆ ಸಿಪ್ಪೆ. ದಾರಿಯುದ್ದಕ್ಕೂ ಸಂಕೇತದ ಬಲ ಶಾಖವಾಗಿ ಸೋರುತ್ತದೆ. ಮನೆಗಳಲ್ಲಿ ಬಳಸುವ ಆರ್‌ಜಿ-6 ಕೇಬಲ್‌ನಲ್ಲಿ 1,000 ಮೆಗಾಹರ್ಟ್ಸ್‌ನ ಸಂಕೇತ ಸುಮಾರು 15 ಮೀಟರಿಗೊಮ್ಮೆ ಅರ್ಧವಾಗುತ್ತದೆ. 2,000 ಮೆಗಾಹರ್ಟ್ಸ್‌ನದು ಸುಮಾರು 10 ಮೀಟರಿಗೇ ಅರ್ಧ!

ಹೋಳಿಗೆಯನ್ನು ಅರ್ಧ, ಅರ್ಧದಲ್ಲಿ ಅರ್ಧ ಎಂದು ಮುರಿಯುತ್ತ ಹೋಗಿ. 60 ಮೀಟರ್ ದಾಟುವಾಗ ಮೊದಲನೆಯದು 16ರಲ್ಲಿ ಒಂದು ಪಾಲು, ಎರಡನೆಯದು 64ರಲ್ಲಿ ಒಂದು ಪಾಲು ಉಳಿಯುತ್ತದೆ. ಅದಕ್ಕೇ ಕೆಲವು ಚಾನೆಲ್ ಮೊದಲು ಸೋಲುತ್ತವೆ. ಎಲ್‌ಎನ್‌ಬಿಗೆ ಬೇಕಾದ 13 ಅಥವಾ 18 ವೋಲ್ಟ್ ವಿದ್ಯುತ್ ಕೂಡ ಸೆಟ್ ಟಾಪ್ ಬಾಕ್ಸ್‌ನಿಂದ ಇದೇ ಕೇಬಲ್‌ನಲ್ಲಿ ಹೋಗುತ್ತದೆ. ಉದ್ದವಾದಷ್ಟೂ ಅದೂ ಕುಗ್ಗುತ್ತದೆ. ಹಳೆಯ ಆಂಟೆನಾ ಟೀವಿಯಾದರೆ ಚಿತ್ರ ಮೆಲ್ಲಗೆ ಮಸುಕಾಗುತ್ತಿತ್ತು. ಡಿಜಿಟಲ್ ಚಿತ್ರ ಒಂದು ಮಿತಿಯವರೆಗೆ ಚೆನ್ನಾಗಿದ್ದು, ಆಮೇಲೆ ಥಟ್ಟನೆ ಒಡೆಯುತ್ತದೆ.

ಪುಟ್ಟಿ ಟೇಪು ಹಿಡಿದು ಡಿಶ್‌ನಿಂದ ಟೀವಿವರೆಗೆ ಅಳೆದಳು. ಸರಿಯಾಗಿ 30 ಮೀಟರ್. ಆದರೆ ಕೇಬಲ್ ಜಾಡು ಹಿಡಿದು ಅಟ್ಟ ಹತ್ತಿದರೆ, ಅಲ್ಲಿ ಹೆಬ್ಬಾವಿನಂತೆ ಒಂದು ಸುರುಳಿ! "ಮುಂದೆ ಬೇಕಾದೀತು" ಎಂದು ನಾನೇ ಕತ್ತರಿಸಲು ಬಿಟ್ಟಿರಲಿಲ್ಲ. ಒಂದು ಸುತ್ತು ಒಂದೂವರೆ ಮೀಟರ್, ಇಪ್ಪತ್ತು ಸುತ್ತು. ಅಂದರೆ ಇನ್ನೂ 30 ಮೀಟರ್. ಅಂಗಳದಲ್ಲಿದ್ದ ಜಾಯಿಂಟಿನ ಟೇಪು ಬಿಚ್ಚಿದರೆ ಒಳಗೆ ಮಳೆನೀರು, ಹಸಿರು ಕಿಲುಬು.

ಪ್ಲಗ್ ತೆಗೆದು, ಮೆಕ್ಯಾನಿಕ್‌ನನ್ನು ಕರೆಸಿ, ಜಾಯಿಂಟೇ ಇಲ್ಲದ 30 ಮೀಟರ್ ಕೇಬಲ್ ಹಾಕಿಸಿದೆವು. ಲೆಕ್ಕದ ಪ್ರಕಾರ 64ರಲ್ಲಿ ಒಂದು ಪಾಲಿದ್ದದ್ದು 8ರಲ್ಲಿ ಒಂದು ಪಾಲಾಯಿತು. ಚೌಕಗಳು ಮಾಯವಾದವು.

ಜೋರು ಮಳೆ ಬಂದರೆ ಈಗಲೂ ಟೀವಿ ನಿಲ್ಲುತ್ತದೆ. ಅದು ಕೇಬಲ್‌ನ ತಪ್ಪಲ್ಲ, ಮಳೆಹನಿಗಳೇ ಸಂಕೇತವನ್ನು ಹೀರಿ ಚದುರಿಸುತ್ತವೆ. ಮಳೆ ಬಿಡುವವರೆಗೆ ಅಜ್ಜಿಯೇ ಫೋನಿನಲ್ಲಿ ಪುಟ್ಟಿಗೆ ಪ್ರಶ್ನೆ ಹಾಕುತ್ತಾಳೆ. ಮೊನ್ನೆಯ ಪ್ರಶ್ನೆ: "ಬೇಡದ ವಸ್ತು ಕೂಡಿಟ್ಟು ಟೀವಿ ಕೆಡಿಸಿದ ವಿಜ್ಞಾನದ ಮೇಷ್ಟ್ರು ಯಾರು?"

ಉತ್ತರ ನಾನು ಹೇಳುವುದಿಲ್ಲ.